ಬೊಲೋನ್ಯದಲ್ಲಿ ಓದುವವರಿಗೆ: ಯಾವುದು ಸಾರ್ಥಕ, ಎಲ್ಲಿ ಎಡವುತ್ತೀರಿ

ಇಟಲಿಯ ಬೊಲೋನ್ಯ ನಗರದ ಸಾನ್ ಪೆತ್ರೋನಿಯೊ ಚರ್ಚಿನ ನೆಲದ ಮೇಲೆ ಹಿತ್ತಾಳೆಯ ಒಂದು ಗೆರೆ ಇದೆ. ಉದ್ದ 66.8 ಮೀಟರ್. ಸುಮಾರು 27 ಮೀಟರ್ ಎತ್ತರದಲ್ಲಿ, ಚಾವಣಿಯಲ್ಲಿ, ಒಂದು ಸಣ್ಣ ತೂತು. ಬಿಸಿಲಿರುವ ದಿನ ಆ ತೂತಿನಿಂದ ಇಳಿದ ಸೂರ್ಯನ ಬಿಂಬ ನೆಲದ ಮೇಲೆ ತೆವಳುತ್ತ ಬಂದು ನಡುಹಗಲಿಗೆ ಸರಿಯಾಗಿ ಗೆರೆ ದಾಟುತ್ತದೆ. 1655ರಲ್ಲಿ ಇದನ್ನು ರೂಪಿಸಿದವರು ಇಲ್ಲಿನ ಖಗೋಳಶಾಸ್ತ್ರದ ಪ್ರಾಧ್ಯಾಪಕ ಜೊವಾನ್ನಿ ದೊಮೆನಿಕೊ ಕ್ಯಾಸಿನಿ. ಶನಿಗ್ರಹಕ್ಕೆ ಹೋದ ನೌಕೆಗೆ ಇಟ್ಟದ್ದು ಇವರದೇ ಹೆಸರು. ಇದನ್ನು ನೋಡಲು ಹೋಗುವ ಹೆಚ್ಚಿನವರು ಗಡಿಯಾರದ ಹನ್ನೆರಡಕ್ಕೆ ಹೋಗಿ ನಿರಾಸೆಯಿಂದ ಹಿಂದಿರುಗುತ್ತಾರೆ. ಮಧ್ಯ ಯುರೋಪಿನ ಸಮಯ 15 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು; ಬೊಲೋನ್ಯ ಇರುವುದು 11 ಡಿಗ್ರಿ ಚಿಲ್ಲರೆಯಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಕಾಲು ಗಂಟೆ ತಡ. ನವೆಂಬರ್ ಮೊದಲ ವಾರದಲ್ಲಿ 11.58ರ ಸುಮಾರಿಗೆ, ಫೆಬ್ರುವರಿ ನಡುವಿನಲ್ಲಿ 12.29ರ ಹೊತ್ತಿಗೆ, ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುವುದರಿಂದ 1.11ರಿಂದ 1.21ರ ನಡುವೆ. ಬಿಂಬದ ಮುಂದಿನ ಅಂಚು ಗೆರೆ ಮುಟ್ಟಿ ಹಿಂದಿನ ಅಂಚು ಬಿಡುವುದಕ್ಕೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಜೂನ್‌ನಲ್ಲಿ ಬಿಂಬ ಊಟದ ತಟ್ಟೆಯಷ್ಟು, ಹೆಚ್ಚುಕಡಿಮೆ ದುಂಡಗೆ. ಡಿಸೆಂಬರ್‌ನಲ್ಲಿ ಗೆರೆಯ ಇನ್ನೊಂದು ತುದಿಯಲ್ಲಿ ಒಂದೂವರೆ ಮೀಟರಿಗೂ ಉದ್ದದ ಅಂಡಾಕಾರ. ಆದರೆ ಡಿಸೆಂಬರ್-ಜನವರಿಯಲ್ಲಿ ಪೋ ನದಿಯ ಬಯಲಿನ ಮಂಜು ಬಿಡದು. ಫೆಬ್ರುವರಿ ಕೊನೆಯಿಂದ ಮೇ ವರೆಗೆ ಒಳ್ಳೆಯ ಕಾಲ. ಹತ್ತು ನಿಮಿಷ ಮುಂಚೆ ಹೋಗಿ ನಿಲ್ಲಿ. ಬಾಗಿಲಲ್ಲಿ ತಪಾಸಣೆ ಇರುತ್ತದೆ, ದೊಡ್ಡ ಬ್ಯಾಗು ಬೇಡ.

ಬೊಲೋನ್ಯವನ್ನು ಓದಿನ ಊರಾಗಿ ಅಳೆಯಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಈ ಊರಲ್ಲಿ ಹಳೆಯದೆಲ್ಲ ಇನ್ನೂ ಕೆಲಸದಲ್ಲಿದೆ. ಗೆರೆ ಇವತ್ತಿಗೂ ದಿನ ತೋರಿಸುತ್ತದೆ, 13ನೇ ಶತಮಾನದ ಮರದ ಕಂಬಗಳು ಇವತ್ತಿಗೂ ಮನೆ ಹೊತ್ತಿವೆ, ಬಾಯಿಮಾತಿನ ಪರೀಕ್ಷೆ ಇವತ್ತಿಗೂ ನಡೆಯುತ್ತದೆ. ಎರಡು ದಿನಕ್ಕೆ ಬಂದು ಹೋಗುವವರಿಗೆ ಫ್ಲಾರೆನ್ಸ್, ವೆನಿಸ್ ಮುಂದೆ ಇದು ಸಪ್ಪೆ ಅನ್ನಿಸಬಹುದು. ಎರಡು ವರ್ಷ ಇದ್ದು ಓದುವವರಿಗೆ ಇಟಲಿಯಲ್ಲಿ ಇದಕ್ಕಿಂತ ಒಳ್ಳೆಯ ಊರು ಇಲ್ಲ ಎಂಬುದು ನಮ್ಮ ತೀರ್ಮಾನ. ಆದರೆ ಮನೆ ಹುಡುಕಾಟ ಮತ್ತು ಕಾಗದಪತ್ರದ ವಿಷಯದಲ್ಲಿ ಈ ಊರು ಕಠಿಣ. ಅಲ್ಲಿ ಮಾಡಿದ ತಪ್ಪು ಇಡೀ ಮೊದಲ ವರ್ಷವನ್ನು ತಿಂದುಹಾಕುತ್ತದೆ. ಅದಕ್ಕೇ ಅದನ್ನು ಮುಂದೆ ವಿವರವಾಗಿ ಬರೆದಿದ್ದೇವೆ.

ವಿಶ್ವವಿದ್ಯಾಲಯ ಶುರುವಾದದ್ದು 1088ರಲ್ಲಿ ಎಂಬುದು ಸಂಪ್ರದಾಯದ ಲೆಕ್ಕ. ಆಗ ಕಟ್ಟಡ ಇರಲಿಲ್ಲ. ದೂರದ ಊರುಗಳಿಂದ ಕಾನೂನು ಕಲಿಯಲು ಬಂದ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು, ಮೇಷ್ಟ್ರನ್ನು ಗೊತ್ತು ಮಾಡಿ, ಸಂಬಳ ಕೊಡುತ್ತಿದ್ದರು. ಆ ಕಾಲದ ತರಗತಿ ಹೇಗಿತ್ತು ಎಂದು ನೋಡಬೇಕಾದರೆ ಮಧ್ಯಯುಗದ ನಗರ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಕಾನೂನು ಪ್ರಾಧ್ಯಾಪಕರ ಸಮಾಧಿಯ ಕಲ್ಲುಗಳಿವೆ. ದೇವರ ಚಿತ್ರದ ಬದಲು ಅವುಗಳ ಮೇಲೆ ಕೆತ್ತಿರುವುದು ಪಾಠದ ದೃಶ್ಯ: ನಡುವೆ ಗುರು, ಎರಡೂ ಕಡೆ ಬೆಂಚಿನಲ್ಲಿ ಪುಸ್ತಕ ಬಿಚ್ಚಿಕೊಂಡ ವಿದ್ಯಾರ್ಥಿಗಳು. ಒಬ್ಬೊಬ್ಬರ ಮುಖವೂ ಬೇರೆ ಬೇರೆ. ಇಡೀ ಊರಿನ ಸಂಗ್ರಹಾಲಯಗಳಲ್ಲಿ ಒಂದನ್ನೇ ನೋಡಬೇಕು ಎಂದರೆ ಇದನ್ನೇ ನೋಡಿ. ನಗರಸಭೆಯ ಸಂಗ್ರಹಾಲಯಗಳಿಗೆಲ್ಲ ಸೇರಿ ‘ಕಾರ್ಡ್ ಕುಲ್ತೂರ’ ಎಂಬ ವಾರ್ಷಿಕ ಪಾಸ್ ಸಿಗುತ್ತದೆ. ಬೆಲೆ 25 ಯೂರೋ ಆಸುಪಾಸು, ನಾಲ್ಕೈದು ಭೇಟಿಯಲ್ಲಿ ಹಣ ವಸೂಲಾಗುತ್ತದೆ. ರಫೇಲನ ‘ಸಂತ ಸಿಸಿಲಿಯಾ’ ಇರುವ ಪಿನಾಕೊತೇಕ ಚಿತ್ರಶಾಲೆ ಮಾತ್ರ ಸರ್ಕಾರದ್ದು. ಅಲ್ಲಿ ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ.

ಆರ್ಕಿಜಿನ್ನಾಜಿಯೊ ಎಂಬ ಕಟ್ಟಡ 1563ರಿಂದ 1803ರ ವರೆಗೆ ವಿಶ್ವವಿದ್ಯಾಲಯದ ಮನೆ. ಗೋಡೆ, ಚಾವಣಿ, ಮೆಟ್ಟಿಲ ದಾರಿಯ ತುಂಬ ಇಲ್ಲಿ ಓದಿದ ವಿದ್ಯಾರ್ಥಿಗಳ ಸಾವಿರಾರು ಲಾಂಛನಗಳು. ಅಂಗಳಕ್ಕೆ ದುಡ್ಡಿಲ್ಲ. ಮೇಲಿನ ಅಂಗರಚನಾ ರಂಗಶಾಲೆಗೆ ಕೆಲವೇ ಯೂರೋ. ಪೂರಾ ಮರದ್ದು, 1637ರಲ್ಲಿ ಕಟ್ಟಿದ್ದು, ನಡುವೆ ಹೆಣ ಕೊಯ್ಯುತ್ತಿದ್ದ ಅಮೃತಶಿಲೆಯ ಮೇಜು. 1944ರ ಜನವರಿ 29ರ ಬಾಂಬ್ ದಾಳಿಯಲ್ಲಿ ಇದು ನುಚ್ಚುನೂರಾಗಿತ್ತು. ಅವಶೇಷದಿಂದ ಆಯ್ದ ಹಳೆಯ ಮರದ ಶಿಲ್ಪಗಳನ್ನೇ ಬಳಸಿ ಮತ್ತೆ ಕಟ್ಟಿದ್ದಾರೆ. ಪಿಯುಸಿಯಲ್ಲಿ ಜಿರಲೆಯ ಮಾಲ್ಪೀಜಿಯನ್ ನಾಳ, ಭೌತಶಾಸ್ತ್ರದ ಲ್ಯಾಬಿನಲ್ಲಿ ಗ್ಯಾಲ್ವನೋಮೀಟರ್ ನೋಡಿದ ಯಾರಿಗೂ ಈ ಜಾಗ ಹೊಸದಲ್ಲ. ಮಾರ್ಚೆಲ್ಲೊ ಮಾಲ್ಪೀಗಿ ಪಾಠ ಮಾಡಿದ್ದು ಈ ವಿಶ್ವವಿದ್ಯಾಲಯದಲ್ಲಿ. ಕಪ್ಪೆಯ ಕಾಲಿನ ಮೇಲೆ ವಿದ್ಯುತ್ ಪ್ರಯೋಗ ನಡೆಸಿದ ಲೂಯಿಜಿ ಗಾಲ್ವಾನಿಯ ಪ್ರತಿಮೆ ಕಟ್ಟಡದ ಎದುರಿನ ಚೌಕದಲ್ಲೇ ನಿಂತಿದೆ. ಜಂಬೋನಿ ಬೀದಿಯ ಪಲಾತ್ಸೊ ಪೊಜ್ಜಿಯಲ್ಲಿ ಮೇಣದಲ್ಲಿ ಮಾಡಿದ ಅಂಗರಚನೆಯ ಮಾದರಿಗಳಿವೆ. ಅವುಗಳಲ್ಲಿ ಅನೇಕವನ್ನು ಮಾಡಿದ್ದು 18ನೇ ಶತಮಾನದ ಅನ್ನಾ ಮೊರಾಂದಿ ಎಂಬ ಹೆಂಗಸು. ಲಾವ್ರಾ ಬಸ್ಸಿ 1732ರಲ್ಲಿ ಇಲ್ಲೇ ಪದವಿ ಪಡೆದು ಸಂಬಳದ ಅಧ್ಯಾಪಕಿಯಾದರು. ಆ ಕಾಲದಲ್ಲಿ ಯುರೋಪಿನ ಬೇರೆ ಕಡೆ ಇದನ್ನು ಊಹಿಸುವುದೂ ಕಷ್ಟವಿತ್ತು.

ಊರಿನ ಪೋರ್ಟಿಕೊಗಳ ಒಟ್ಟು ಉದ್ದ 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಪೋರ್ಟಿಕೊ ಎಂದರೆ ಮನೆಯ ಮೇಲಂತಸ್ತನ್ನು ಬೀದಿಯ ಮೇಲೆ ಚಾಚಿ, ಕೆಳಗೆ ಕಂಬ ಕೊಟ್ಟು ಮಾಡಿದ ಮೊಗಸಾಲೆ. ಮಧ್ಯಯುಗದಲ್ಲಿ ವಿದ್ಯಾರ್ಥಿಗಳೂ ವಲಸಿಗರೂ ತುಂಬಿ ಮನೆ ಸಾಲದೆ ಹೋದಾಗ ಜನ ಕೋಣೆಗಳನ್ನು ಹೊರಕ್ಕೆ ಬೆಳೆಸಿದರು. ಕೆಡವಿಸುವ ಬದಲು ನಗರಸಭೆ 1288ರಲ್ಲಿ ಅದನ್ನೇ ಕಡ್ಡಾಯ ಮಾಡಿತು: ಕುದುರೆ ಮೇಲೆ ಕೂತವನು ಸಾಗುವಷ್ಟು, ಈಗಿನ ಲೆಕ್ಕದಲ್ಲಿ 2.66 ಮೀಟರ್ ಎತ್ತರ ಇರಬೇಕು. ಜಾಗ ಮನೆಯವನದ್ದು, ನಡೆಯುವ ಹಕ್ಕು ಊರಿನದ್ದು. ನಮ್ಮ ಜಗಲಿಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಊರು ಸುತ್ತಿದ್ದರೆ ಹೀಗೆ ಇರುತ್ತಿತ್ತೇನೋ. ದಿನದ ಬಳಕೆಗೆ ಇದರ ಅರ್ಥ ಇಷ್ಟು: ಕೊಡೆ ಇಲ್ಲದೆ ಬಹುತೇಕ ಮಳೆಗಾಲ ಕಳೆಯಬಹುದು, ಜುಲೈನ 35 ಡಿಗ್ರಿ ಬಿಸಿಲಲ್ಲೂ ನಡೆಯಬಹುದು. ಆದರೆ ಮಳೆ ಬಂದಾಗ ನಯಗೊಳಿಸಿದ ಕಲ್ಲುನೆಲ ಜಾರುತ್ತದೆ. ಚಪ್ಪಟೆ ಅಟ್ಟೆಯ ಚಪ್ಪಲಿ ಬೇಡವೇ ಬೇಡ. ಮರದ ಕಂಬದ ಮೂಲ ರೂಪ ನೋಡಲು ಸ್ತ್ರಾದಾ ಮಜ್ಜೋರೆಯ ಇಸೋಲಾನಿ ಮನೆಯ ಮುಂದೆ ನಿಂತು ತಲೆ ಎತ್ತಿ.

ಸಾನ್ ಲೂಕ ಗುಡಿಗೆ ಹೋಗುವ ಪೋರ್ಟಿಕೊ ಇದರ ಶಿಖರ. ಸರಗೋತ್ಸಾ ಹೆಬ್ಬಾಗಿಲಿನಿಂದ ಬೆಟ್ಟದ ತುದಿಯ ವರೆಗೆ 666 ಕಮಾನು, ಸುಮಾರು 3.8 ಕಿಲೋಮೀಟರ್. ಮೇರಿ ಮಾತೆಯ ಚಿತ್ರಪಟವನ್ನು ಊರೊಳಕ್ಕೆ ಹೊತ್ತು ತರುವ ಮೆರವಣಿಗೆ ಮಳೆಯಲ್ಲಿ ನೆನೆಯಬಾರದು ಎಂದು 1674ರಲ್ಲಿ ಕಟ್ಟಲು ಶುರು ಮಾಡಿದರು. ಆ ಮೆರವಣಿಗೆ ಈಗಲೂ ಪ್ರತಿವರ್ಷ ನಡೆಯುತ್ತದೆ. ಮೊದಲ 306 ಕಮಾನು ಸಮತಟ್ಟು. ಮೆಲೊಂಚೆಲ್ಲೊ ಕಮಾನು ದಾಟಿದ ಮೇಲೆ ಏರು, ನಡುವೆ ನಡುವೆ ಮೆಟ್ಟಿಲು. ಸಾಮಾನ್ಯ ನಡಿಗೆಗೆ ಒಂದು ಗಂಟೆ ಇಟ್ಟುಕೊಳ್ಳಿ. ಜನ ತಪ್ಪುವುದು ಒಂದೇ ಕಡೆ. ಸಮತಟ್ಟಿನಲ್ಲಿ ದಡದಡ ನಡೆದು, ಏರಿನಲ್ಲಿ ಉಸಿರು ಕಟ್ಟಿ, ನೀರೂ ಇಲ್ಲದೆ ಅರ್ಧಕ್ಕೆ ಕೂರುತ್ತಾರೆ. ನೀರು ಕೆಳಗೇ ತುಂಬಿಸಿಕೊಳ್ಳಿ. ಪಕ್ಕದಲ್ಲೇ ಫುಟ್‌ಬಾಲ್ ಸ್ಟೇಡಿಯಂ ಇದೆ, ಪಂದ್ಯದ ದಿನ ಆ ಕಡೆ ಹೋಗಬೇಡಿ. ಹೋಗುವುದಾದರೆ ಬೆಳಗ್ಗೆ ಏಳಕ್ಕೆ ಹೊರಡಿ. ಬಿಸಿಲು ಕಮಾನಿನ ನೆರಳನ್ನು ಗೋಡೆಯ ಮೇಲೆ ಸಾಲಾಗಿ ಬೀಳಿಸುವುದು ಆಗಲೇ. ಈ ನಡಿಗೆಗೆ ಹತ್ತಕ್ಕೆ ಹತ್ತು.

ಇನ್ನು ಪರೀಕ್ಷೆ. ನಮ್ಮ ಕಡೆಯಿಂದ ಬಂದವರನ್ನು ಅತಿ ಹೆಚ್ಚು ಗಾಬರಿ ಮಾಡುವುದೂ ಇದೇ, ಕೊನೆಗೆ ಅತಿ ಹೆಚ್ಚು ಬೆಳೆಸುವುದೂ ಇದೇ. ಹಲವು ವಿಷಯಗಳಿಗೆ ಬರವಣಿಗೆಯ ಪತ್ರಿಕೆಯೇ ಇರುವುದಿಲ್ಲ. ಪ್ರಾಧ್ಯಾಪಕರ ಎದುರು ಕೂತು ಹದಿನೈದಿಪ್ಪತ್ತು ನಿಮಿಷ ಮಾತಾಡಬೇಕು. ಅಂಕ 30ಕ್ಕೆ, ಪಾಸಾಗಲು 18, ಅಸಾಧಾರಣ ಉತ್ತರಕ್ಕೆ ‘30 ಎ ಲೋದೆ’, ಅಂದರೆ ಪ್ರಶಂಸೆಯ ಜೊತೆ 30. ಎಷ್ಟೋ ಸಲ ಮೊದಲ ಪ್ರಶ್ನೆ ‘ನಿಮಗಿಷ್ಟವಾದ ವಿಷಯದಿಂದ ಶುರು ಮಾಡಿ’ ಎಂದಿರುತ್ತದೆ. ಇದನ್ನು ಸುಲಭ ಎಂದುಕೊಂಡವರೇ ಸಿಕ್ಕಿಬೀಳುತ್ತಾರೆ. ನೀವು ಆರಿಸಿಕೊಂಡ ವಿಷಯವನ್ನು ಪ್ರಾಧ್ಯಾಪಕರು ಕೊನೆಯ ಎಳೆಯವರೆಗೂ ಎಳೆಯುತ್ತಾರೆ. ಹಾಗಾಗಿ ಮೂರು ವಿಷಯಗಳನ್ನು ಹೀಗೆ ತಯಾರಿಸಿ: ಮೊದಲ ಎರಡು ನಿಮಿಷಕ್ಕೆ ಚೌಕಟ್ಟು, ಮುಂದಿನ ಮೂರು ನಿಮಿಷಕ್ಕೆ ಒಂದು ಉದಾಹರಣೆ ಅಥವಾ ರುಜುವಾತು, ಆಮೇಲೆ ಅದು ಎಲ್ಲಿ ಸಾಲದು ಎಂಬ ಒಂದು ಮಾತು. ಕಂಠಪಾಠ ಒಪ್ಪಿಸಿದರೆ ನಡುವೆ ತಡೆದು ‘ಏಕೆ’ ಎನ್ನುತ್ತಾರೆ. ನಮ್ಮಲ್ಲಿ ವೈವಾ ಎಂದರೆ ಪ್ರಾಕ್ಟಿಕಲ್‌ನ ಬಾಲ. ಇಲ್ಲಿ ಅದೇ ತಲೆ.

ಮೌಖಿಕ ಪರೀಕ್ಷೆಗಳು ಇಟಲಿಯಲ್ಲಿ ಸಾರ್ವಜನಿಕ. ಅಂದರೆ ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ಇದಕ್ಕಿಂತ ಒಳ್ಳೆಯ ಕೋಚಿಂಗ್ ಇಲ್ಲ. ನಿಮ್ಮ ಸರದಿಗೆ ಮೊದಲಿನ ದಿನಾಂಕಕ್ಕೆ ಹೋಗಿ ಬೆಳಗಿನಿಂದ ಕೂತರೆ ಆ ಪ್ರಾಧ್ಯಾಪಕರು ಏನು ಕೇಳುತ್ತಾರೆ, ಯಾವ ಉತ್ತರಕ್ಕೆ ತಲೆಯಾಡಿಸುತ್ತಾರೆ, ಎಲ್ಲಿ ಮುಖ ಗಂಟಿಕ್ಕುತ್ತಾರೆ ಎಲ್ಲ ತಿಳಿಯುತ್ತದೆ. ದಿನಾಂಕಗಳಿಗೆ ‘ಅಪ್ಪೆಲ್ಲೊ’ ಎನ್ನುತ್ತಾರೆ. ಜನವರಿ-ಫೆಬ್ರುವರಿ, ಜೂನ್-ಜುಲೈ, ಸೆಪ್ಟೆಂಬರ್ ಮುಖ್ಯ ಅವಧಿಗಳು. ಹೆಸರು ಹಚ್ಚುವುದು ‘ಆಲ್ಮಾಎಸಾಮಿ’ ಜಾಲತಾಣದಲ್ಲಿ. ಪರೀಕ್ಷೆಗೆ ಕೆಲವು ದಿನ ಮೊದಲೇ ಪಟ್ಟಿ ಮುಚ್ಚುತ್ತದೆ, ಮುಚ್ಚಿದ ಮೇಲೆ ಎಷ್ಟು ಬೇಡಿದರೂ ತೆರೆಯುವುದಿಲ್ಲ. ಬಂದ ಅಂಕ ಇಷ್ಟವಾಗದಿದ್ದರೆ ಬೇಡ ಎನ್ನಬಹುದು. ಪ್ರತಿ ವಿಷಯಕ್ಕೆ ಕನಿಷ್ಠ ಒಂದು ಸಲ ಆ ಹಕ್ಕಿದೆ. ಯಾವಾಗ ಬೇಡ ಎನ್ನಬೇಕು? ಕ್ರೆಡಿಟ್ ತೂಕದ ಸರಾಸರಿಯನ್ನು 110ರಿಂದ ಗುಣಿಸಿ 30ರಿಂದ ಭಾಗಿಸಿದರೆ 110ಕ್ಕೆ ಎಷ್ಟು ಎಂಬ ಪದವಿಯ ಮೂಲ ಅಂಕ. 27ರ ಸರಾಸರಿಗೆ 99, ಅದರ ಮೇಲೆ ಪ್ರಬಂಧದ ಅಂಕ. ಆರು ಕ್ರೆಡಿಟ್‌ನ ಒಂದು ವಿಷಯದಲ್ಲಿ 24 ಬಂದರೆ ಒಟ್ಟು ಫಲಿತಾಂಶ ಅಲುಗುವುದು ಸ್ವಲ್ಪವೇ. ವಿದ್ಯಾರ್ಥಿವೇತನಕ್ಕೆ ಕ್ರೆಡಿಟ್ ಬೇಕಿದ್ದಾಗ ಅಂಥ ಅಂಕ ತಿರಸ್ಕರಿಸುವುದು ದುಬಾರಿ.

ತರಗತಿಗಳು ಹೇಳಿದ ಹೊತ್ತಿಗಿಂತ ಕಾಲು ಗಂಟೆ ತಡವಾಗಿ ಶುರುವಾಗುತ್ತವೆ. ಇದು ಅಶಿಸ್ತಲ್ಲ, ‘ಶೈಕ್ಷಣಿಕ ಕಾಲು ಗಂಟೆ’ ಎಂಬ ರೂಢಿ. ಪರೀಕ್ಷೆಗೆ ಮಾತ್ರ ಇದು ಅನ್ವಯಿಸದು.

ಓದಲು ಕೂರುವ ಜಾಗಗಳಲ್ಲಿ ಸಾಲಾಬೋರ್ಸಾ ಗ್ರಂಥಾಲಯ ನಮ್ಮ ಮೊದಲ ಆಯ್ಕೆ. ಮುಖ್ಯ ಚೌಕಕ್ಕೆ ಅಂಟಿಕೊಂಡ ಹಳೆಯ ಷೇರುಪೇಟೆ ಕಟ್ಟಡ, 2001ರಿಂದ ಸಾರ್ವಜನಿಕ ಗ್ರಂಥಾಲಯ. ನೆಲದ ಗಾಜಿನ ಕೆಳಗೆ ರೋಮನ್ನರ ಬೊನೋನಿಯ ನಗರದ ಗೋಡೆ-ಅಡಿಪಾಯಗಳು ಕಾಣುತ್ತವೆ. ಪ್ರವೇಶ, ವೈಫೈ ಎರಡೂ ಉಚಿತ. ತೊಂದರೆ ಎಂದರೆ ಪರೀಕ್ಷೆಯ ತಿಂಗಳಲ್ಲಿ ತೆರೆದ ಅರ್ಧ ಗಂಟೆಗೆ ಜಾಗ ಭರ್ತಿ, ಪ್ಲಗ್ ಇರುವ ಮೇಜು ಅಪರೂಪ. ನಿಜವಾದ ಮೌನ ಬೇಕೆಂದರೆ ಆರ್ಕಿಜಿನ್ನಾಜಿಯೊ ಓದುಕೋಣೆ. ಜಂಬೋನಿ ಬೀದಿಯ ವಿಭಾಗ ಗ್ರಂಥಾಲಯಗಳು ಹತ್ತಿರ, ಆದರೆ ವೆರ್ದಿ ಚೌಕದ ಸಂಜೆಯ ಗದ್ದಲ ಕಿಟಕಿ ಮುಚ್ಚಿದರೂ ಕೇಳುತ್ತದೆ. ಅಲ್ಲಿ ಸೈಕಲ್ ನಿಲ್ಲಿಸಿದರೆ ಎರಡು ಬೀಗ ಹಾಕಿ, ಒಂದು ಚೌಕಟ್ಟಿಗೆ, ಒಂದು ಮುಂದಿನ ಚಕ್ರಕ್ಕೆ. ಹೊಸ ಸೈಕಲ್ ಕೊಳ್ಳಲೇಬೇಡಿ.

ಊಟದ ವಿಚಾರದಲ್ಲಿ ಈ ಊರಿಗೆ ‘ಲಾ ಗ್ರಾಸ್ಸಾ’, ದಪ್ಪನೆಯದು, ಎಂಬ ಅಡ್ಡಹೆಸರಿದೆ. ಹೆಸರಿಗೆ ತಕ್ಕ ಹಾಗೆ ಎಲ್ಲದರಲ್ಲೂ ಮಾಂಸ. ‘ಸ್ಪಗೆಟ್ಟಿ ಬೊಲೋನೀಸ್’ ಎಂಬ ತಿಂಡಿ ಇಲ್ಲಿನವರದಲ್ಲ. ‘ರಾಗೂ’ ಎಂಬ ಮಾಂಸದ ಗೊಜ್ಜು ಹಾಕುವುದು ಮೊಟ್ಟೆ ಹಾಕಿ ಕಲಸಿದ ಅಗಲ ಪಟ್ಟಿಯ ತಾಲ್ಯಾತೆಲ್ಲೆ ಪಾಸ್ತಾಕ್ಕೆ. ಅದರ ಅಗಲವನ್ನೂ 1972ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿದ್ದಾರೆ: ಬೆಂದ ಮೇಲೆ 8 ಮಿಲಿಮೀಟರ್, ಅಂದರೆ ಊರ ನಡುವಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ. ಮಾಂಸ ತಿನ್ನುವವರು ಚಳಿಗಾಲದಲ್ಲಿ ಸಾರಿನಲ್ಲಿ ತೇಲುವ, ಮಾಂಸ ತುಂಬಿದ ಪುಟ್ಟ ಪಾಸ್ತಾ ತೊರ್ತೆಲ್ಲೀನಿಯನ್ನು ತಪ್ಪಿಸಿಕೊಳ್ಳಬೇಡಿ.

ಸಸ್ಯಾಹಾರಿಗಳು ಗಮನಿಸಬೇಕಾದ್ದು ಮೂರು. ‘ಪ್ಯಾದೀನ’, ‘ಕ್ರೆಶೆಂತೀನ’ ರೊಟ್ಟಿಗಳ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಹಾಕುತ್ತಾರೆ, ಅದರ ಹೆಸರು ‘ಸ್ತ್ರೂತ್ತೊ’. ಎಣ್ಣೆಯದ್ದು ಬೇಕೆಂದರೆ ‘ಕೊನ್ ಓಲ್ಯೊ’ ಎಂದು ಕೇಳಿ. ಪಾರ್ಮಿಜಾನೊ ಚೀಸ್ ಹೆಪ್ಪುಗಟ್ಟುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಅದು ನಿಯಮವೇ. ರೆನೆಟ್ ಬೇಡದವರು ಪೊಟ್ಟಣದ ಮೇಲೆ ‘ಕಾಲ್ಯೊ ವೆಜೆತಾಲೆ’ ಎಂದಿರುವ ಚೀಸ್ ಹುಡುಕಬೇಕು. ಹೋಟೆಲಿನಲ್ಲಿ ‘ಮಾಂಸ ಇಲ್ಲ’ ಎಂದರೆ ಹ್ಯಾಮ್ ಚೂರು ಬರುವುದುಂಟು. ಒಂದೊಂದನ್ನೇ ಹೆಸರಿಸಿ ಕೇಳಿ. ಇವನ್ನು ದಾಟಿದರೆ ರಿಕೊತ್ತಾ-ಪಾಲಕ್ ತುಂಬಿದ ತೊರ್ತೆಲ್ಲೋನಿ ಇದೆ, ಬೆಣ್ಣೆ ಮತ್ತು ಸಾಲ್ವಿಯಾ ಎಲೆಯಲ್ಲಿ ಬಾಡಿಸಿದ್ದು. ತುರಿದ ಚೀಸ್ ಹಾಕಬೇಡಿ ಎಂದು ಹೇಳಬಹುದು, ಆದರೆ ಹೂರಣದಲ್ಲೂ ಚೀಸ್ ಇರುತ್ತದೆ.

ಮನೆಯಡುಗೆಗೆ ಊರು ಒಳ್ಳೆಯದು. ಉಪ್ಪಿಟ್ಟಿಗೆ ಸೂಪರ್‌ಮಾರ್ಕೆಟ್‌ನ ‘ಸೆಮೊಲೀನೊ’ ಸರಿಹೋಗುತ್ತದೆ. ಪಕ್ಕದಲ್ಲೇ ಇರುವ ‘ಸೆಮೊಲಾ ರಿಮಚಿನಾತಾ’ ನುಣ್ಣಗೆ ಬೀಸಿದ ಹಿಟ್ಟು, ಅದರಲ್ಲಿ ಉಪ್ಪಿಟ್ಟು ಅಂಟಾಗುತ್ತದೆ. ಕಡಲೆಹಿಟ್ಟು ‘ಫರೀನಾ ದಿ ಚೇಚಿ’. ತೊಗರಿಬೇಳೆ, ಹುಣಸೆ, ಕರಿಬೇವಿಗೆ ಮಾತ್ರ ರೈಲು ನಿಲ್ದಾಣದ ಸುತ್ತಿನ ದಕ್ಷಿಣ ಏಷ್ಯಾದವರ ಅಂಗಡಿಗಳೇ ಗತಿ. ದೋಸೆ ಹಿಟ್ಟು ಚಳಿಗಾಲದಲ್ಲಿ ಹುಳಿ ಬರುವುದಿಲ್ಲ. ಕಾನೂನಿನಂತೆ ಇಲ್ಲಿ ಮನೆ ಬಿಸಿ ಮಾಡುವ ವ್ಯವಸ್ಥೆ ಅಕ್ಟೋಬರ್ 15ರಿಂದ ಏಪ್ರಿಲ್ 15ರ ವರೆಗೆ, ದಿನಕ್ಕೆ ಹೆಚ್ಚೆಂದರೆ 14 ಗಂಟೆ ಮಾತ್ರ. ರಾತ್ರಿ ಅದು ಆರಿದಾಗ ಹಿಟ್ಟೂ ಮಲಗುತ್ತದೆ. ಅವನ್‌ನ ದೀಪ ಮಾತ್ರ ಹಚ್ಚಿ ಒಳಗಿಟ್ಟರೆ ಹತ್ತು-ಹನ್ನೆರಡು ಗಂಟೆಯಲ್ಲಿ ಏಳುತ್ತದೆ. ತರಕಾರಿಗೆ ಊರ ನಡುವಿನ ಮೆರ್ಕಾತೊ ದೆಲ್ಲೆ ಎರ್ಬೆ ಒಳ್ಳೆಯದು. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿಯಿರಿ. ಕೂತರೆ ಬೆಲೆ ಬೇರೆ.

ಬೇಸಿಗೆಯಲ್ಲಿ ಮುಖ್ಯ ಚೌಕ ಪಿಯಾತ್ಸಾ ಮಜ್ಜೋರೆ ಬಯಲು ಚಿತ್ರಮಂದಿರವಾಗುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ವರೆಗೆ ಹೆಚ್ಚುಕಡಿಮೆ ಪ್ರತಿ ರಾತ್ರಿ, ದುಡ್ಡಿಲ್ಲದೆ, ಸಾವಿರಾರು ಜನರ ಜೊತೆ. ನಡೆಸುವುದು ನಗರದ ಚಿತ್ರ ಸಂಗ್ರಹಾಗಾರ ಚಿನೆತೇಕಾ. ಚಿತ್ರಗಳನ್ನು ದುರಸ್ತಿ ಮಾಡುವ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯವೂ ಇದೇ ಊರಿನದು. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಹೊಸ ಜೀವ ಪಡೆದು 2024ರ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡದ್ದು ಇಲ್ಲಿ ನಡೆದ ಕೆಲಸದಿಂದ. ಕನ್ನಡಿಗರು ಈ ಊರಿಗೆ ಒಂದು ನಮಸ್ಕಾರ ಹೇಳಲು ಇಷ್ಟು ಸಾಕು. ಕುರ್ಚಿ ಬೇಕಾದರೆ ಒಂದು ಗಂಟೆ ಮೊದಲು ಬನ್ನಿ, ಇಲ್ಲವಾದರೆ ಚರ್ಚಿನ ಮೆಟ್ಟಿಲಿಗೆ ಒಂದು ದಿಂಬು ತನ್ನಿ. ಹಗಲೆಲ್ಲ ಕಾದ ಕಲ್ಲು ಹನ್ನೊಂದರ ವರೆಗೂ ಬಿಸಿ.

ಈಗ ಕಠಿಣ ಭಾಗ. ಶುಲ್ಕ ಮತ್ತು ಪ್ರಾಂತ್ಯದ ‘ಎರ್ಗೊ’ ಸಂಸ್ಥೆಯ ವಿದ್ಯಾರ್ಥಿವೇತನ ಎರಡೂ ಕುಟುಂಬದ ಆದಾಯ-ಆಸ್ತಿಯ ಸೂಚ್ಯಂಕದ ಮೇಲೆ ನಿಂತಿವೆ. ಅದಕ್ಕೆ ‘ಈಸೆ’ ಎನ್ನುತ್ತಾರೆ. ವಿದೇಶದ ಕುಟುಂಬಗಳಿಗೆ ‘ಈಸೆ ಪರಿಫಿಕಾತೊ’. ಸೂಚ್ಯಂಕ ಕಡಿಮೆ ಇದ್ದರೆ ಶುಲ್ಕ ಪೂರ್ತಿ ಮನ್ನಾ, ಜೊತೆಗೆ ದೂರದಿಂದ ಬಂದವರಿಗೆ ವರ್ಷಕ್ಕೆ 6,000 ಯೂರೋ ಮೀರುವ ವೇತನ. ಕುಟುಂಬದಲ್ಲಿ ಎಷ್ಟು ಜನ, ಪ್ರತಿಯೊಬ್ಬರ ಆದಾಯ ಎಷ್ಟು, ಮನೆ ಎಷ್ಟು ಚದರ ಮೀಟರ್, ಬ್ಯಾಂಕಿನಲ್ಲಿ ಎಷ್ಟು ಎಂಬ ದಾಖಲೆಗಳು ಅಪೊಸ್ಟೀಲ್ ಮುದ್ರೆ (ದಾಖಲೆ ವಿದೇಶದಲ್ಲಿ ನಡೆಯುವಂತೆ ಸರ್ಕಾರ ಹಾಕುವ ಮುದ್ರೆ) ಮತ್ತು ಇಟಾಲಿಯನ್ ಅನುವಾದದ ಜೊತೆ ಬೇಕು. ಎಡವುವುದು ಇಲ್ಲಿ: ಇಟಲಿ ಕೇಳುವುದು ಎರಡು ವರ್ಷ ಹಿಂದಿನ ಜನವರಿ-ಡಿಸೆಂಬರ್ ಲೆಕ್ಕ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಆ ವರ್ಷದ ಉಲ್ಲೇಖವೇ ಇರುವುದಿಲ್ಲ, ಆದಾಯ ತೆರಿಗೆ ರಿಟರ್ನ್ ಇರುವುದು ಏಪ್ರಿಲ್-ಮಾರ್ಚ್ ಲೆಕ್ಕದಲ್ಲಿ. ಅರ್ಜಿ ಕೊಡುವಾಗಲೇ ಕ್ಯಾಲೆಂಡರ್ ವರ್ಷ ನಮೂದಿಸಲು ಕೇಳಿ, ಆಗದಿದ್ದರೆ ಚಾರ್ಟರ್ಡ್ ಅಕೌಂಟೆಂಟ್ ಅವರಿಂದ ವಿಂಗಡಣೆ ಮಾಡಿಸಿ, ಪ್ರಮಾಣಪತ್ರವಾಗಿ ನೋಟರಿ ಮಾಡಿಸಿ ಆಮೇಲೆ ಅಪೊಸ್ಟೀಲಿಗೆ ಕಳಿಸಿ. ಬ್ಯಾಂಕಿನಿಂದ ಡಿಸೆಂಬರ್ 31ರ ಬಾಕಿ ಮಾತ್ರವಲ್ಲ, ವರ್ಷದ ಸರಾಸರಿ ಬಾಕಿಯನ್ನೂ ಬರೆಸಿಕೊಳ್ಳಿ. ಚದರ ಅಡಿಯನ್ನು 10.76ರಿಂದ ಭಾಗಿಸಿದರೆ ಚದರ ಮೀಟರ್. ಇದನ್ನು ದಾಖಲೆಯಲ್ಲೇ ಬರೆಸದಿದ್ದರೆ ಅಲ್ಲಿ ಹೋದ ಮೇಲೆ ಯಾರೂ ಭಾಗಿಸಿಕೊಳ್ಳುವುದಿಲ್ಲ. ಒಟ್ಟು ಕೆಲಸಕ್ಕೆ ಎರಡು ತಿಂಗಳು ಬೇಕು; ಮೇ ತಿಂಗಳಲ್ಲಿ ಶುರು ಮಾಡಿದವರು ನೆಮ್ಮದಿಯಾಗಿರುತ್ತಾರೆ. ವೇತನ ಸಿಕ್ಕ ಮೇಲೂ ಒಂದು ಷರತ್ತಿದೆ. ಮೊದಲ ವರ್ಷದವರು ಆಗಸ್ಟ್ 10ರೊಳಗೆ 20 ಕ್ರೆಡಿಟ್ ಗಳಿಸಬೇಕು, ಇಲ್ಲವಾದರೆ ಎರಡನೇ ಕಂತು ನಿಲ್ಲುತ್ತದೆ. ಮೇಲೆ ಹೇಳಿದ 24 ಅಂಕವನ್ನು ತಿರಸ್ಕರಿಸುವ ಮುನ್ನ ಈ ದಿನಾಂಕ ನೆನಪಿರಲಿ.

ಹೆಸರಿನ ತೊಡಕು ಕನ್ನಡಿಗರಿಗೆ ವಿಶೇಷವಾದದ್ದು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಉಪನಾಮದ ಜಾಗ ಖಾಲಿ. ಇಟಲಿಯಲ್ಲಿ ಬ್ಯಾಂಕ್, ಬಾಡಿಗೆ, ಸಿಮ್ ಎಲ್ಲಕ್ಕೂ ಬೇಕಾದ ‘ಕೋದಿಚೆ ಫಿಸ್ಕಾಲೆ’ ಎಂಬ 16 ಅಕ್ಷರದ ತೆರಿಗೆ ಸಂಖ್ಯೆ ಹೆಸರಿನಿಂದಲೇ ಹುಟ್ಟುತ್ತದೆ: ಉಪನಾಮದ ಮೂರು ವ್ಯಂಜನ, ಹೆಸರಿನ ಮೂರು ವ್ಯಂಜನ, ಹುಟ್ಟಿದ ವರ್ಷ, ತಿಂಗಳಿಗೊಂದು ಅಕ್ಷರ, ದಿನ (ಹೆಂಗಸರಿಗೆ 40 ಕೂಡಿಸಿ), ಹುಟ್ಟಿದ ದೇಶದ ಸಂಕೇತ (ಭಾರತಕ್ಕೆ ಝಡ್ 222), ಕೊನೆಗೆ ತಾಳೆ ನೋಡುವ ಅಕ್ಷರ. ಉಪನಾಮ ಇಲ್ಲದಿದ್ದರೆ ಒಂದೊಂದು ಕಚೇರಿ ಒಂದೊಂದು ಥರ ತುಂಬುತ್ತದೆ. ಒಬ್ಬರಿಗೇ ಎರಡು ಸಂಖ್ಯೆ ಹುಟ್ಟಿ ಬ್ಯಾಂಕ್ ಖಾತೆ, ವೇತನ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಪ್ರವೇಶಕ್ಕೆ ಅರ್ಜಿ ಹಾಕುವ ಮೊದಲೇ ಉಪನಾಮ ಬರೆದ ಪಾಸ್‌ಪೋರ್ಟ್ ಮಾಡಿಸಿಕೊಂಡು, ಮುಂದಿನ ಎಲ್ಲ ಕಾಗದದಲ್ಲೂ ಅದೇ ರೂಪ ಬಳಸಿ. ಇದೊಂದು ಮಾಡಿದರೆ ಅರ್ಧ ತಲೆನೋವು ಹೋಯಿತು.

ಇಳಿದ ಮೇಲೆ ಎಂಟು ಕೆಲಸದ ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ‘ಸ್ಪೋರ್ತೆಲ್ಲೊ ಅಮೀಕೊ’ ಎಂಬ ಕೌಂಟರ್ ಇರುವ ಅಂಚೆ ಕಚೇರಿಯಲ್ಲಿ ಅರ್ಜಿಯ ಕಿಟ್ ಉಚಿತವಾಗಿ ಸಿಗುತ್ತದೆ. 16 ಯೂರೋ ಮುದ್ರಾಂಕ, 70.46 ಯೂರೋ ಚಲನ್, 30 ಯೂರೋ ಅಂಚೆ ಶುಲ್ಕ, ಒಟ್ಟು 116.46. ಲಕೋಟೆಗೆ ಅಂಟು ಹಚ್ಚಬೇಡಿ, ಅಂಚೆಯವರು ಒಳಗಿನದನ್ನು ನೋಡಬೇಕು. ಸಿಗುವ ರಸೀದಿಯನ್ನು ಜೀವದಂತೆ ಕಾಪಾಡಿ. ವೀಸಾ ಅವಧಿ ಮುಗಿದು ಕೈಯಲ್ಲಿ ರಸೀದಿ ಮಾತ್ರ ಇರುವಾಗ ಊರಿಗೆ ಬರುವುದಾದರೆ ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕದ ವಿಮಾನ ಬೇಡ. ಷೆಂಗೆನ್‌ನ ಬೇರೆ ದೇಶದಲ್ಲಿ ಆ ರಸೀದಿ ನಡೆಯದು. ದುಬೈ, ದೋಹಾ ಮೂಲಕ ಬನ್ನಿ. ಆರೋಗ್ಯ ವ್ಯವಸ್ಥೆಗೆ ಸ್ವಯಂ ನೋಂದಣಿ 2024ರಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 700 ಯೂರೋ ಆಗಿದೆ. ಇದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸದವರೇ ಹೆಚ್ಚು.

ಮನೆಗೆ ನಮ್ಮ ಅಂಕ ಹತ್ತಕ್ಕೆ ಮೂರು. ಒಂಟಿ ಕೋಣೆಯ ಬಾಡಿಗೆ 500 ಯೂರೋ ದಾಟುವುದು ಮಾಮೂಲು. ಇಬ್ಬರು ಹಂಚಿಕೊಳ್ಳುವ ಕೋಣೆಯಲ್ಲಿ ಒಂದು ಹಾಸಿಗೆಗೆ ‘ಪೋಸ್ತೊ ಲೆತ್ತೊ’ ಎನ್ನುತ್ತಾರೆ, ಹೆಚ್ಚಿನವರು ಶುರು ಮಾಡುವುದು ಅದರಿಂದ. ಆಗಸ್ಟ್‌ನಲ್ಲಿ ಇಡೀ ಊರು ರಜೆ ಹೋಗುತ್ತದೆ, ಸೆಪ್ಟೆಂಬರ್‌ನಲ್ಲಿ ಎಲ್ಲರೂ ಒಟ್ಟಿಗೆ ಹುಡುಕುತ್ತಾರೆ. ಹಾಗಾಗಿ ಜುಲೈನಲ್ಲೇ ಶುರು ಮಾಡಿ. ಮನೆ ನೋಡದೆ, ಅಥವಾ ನಂಬಿಕಸ್ಥರಿಂದ ನೋಡಿಸದೆ ಮುಂಗಡ ಕಳಿಸಬೇಡಿ. ‘ನಾನು ವಿದೇಶದಲ್ಲಿದ್ದೇನೆ, ಕೀಲಿ ಕೊರಿಯರ್ ಮಾಡುತ್ತೇನೆ’ ಎನ್ನುವ ಮಾಲೀಕ ಮಾಲೀಕನಲ್ಲ. ಠೇವಣಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಒಪ್ಪಂದ 30 ದಿನದೊಳಗೆ ತೆರಿಗೆ ಕಚೇರಿಯಲ್ಲಿ ನೋಂದಣಿಯಾಗಬೇಕು. ನೋಂದಣಿಯಾಗದ ಒಪ್ಪಂದ ಅಗ್ಗ ಅನ್ನಿಸಬಹುದು, ಆದರೆ ದೂರದಿಂದ ಬಂದವರ ವೇತನಕ್ಕೆ ಅದನ್ನು ತೋರಿಸಲಾಗದು. ಹಾಗೆ ಉಳಿಸಿದ ನೂರಿನ್ನೂರು ಯೂರೋಗೆ ಸಾವಿರಾರು ಕಳೆದುಕೊಳ್ಳುತ್ತೀರಿ. ಬಾಡಿಗೆಯಲ್ಲಿ ‘ಸ್ಪೇಸೆ’, ಅಂದರೆ ಬಿಲ್ಲುಗಳ ಖರ್ಚು, ಸೇರಿದೆಯೇ ಎಂದು ಕೇಳಿ. ಚಳಿಗಾಲದ ಗ್ಯಾಸ್ ಬಿಲ್ಲು ಅದರೊಳಗೆ ಬರುತ್ತದೆ. ಊರ ಗೋಡೆಯ ಹೊರಗೆ, ನಿಲ್ದಾಣದ ಹಿಂದಿನ ಬೊಲೊನ್ಯೀನ ಬಡಾವಣೆ ನಡಿಗೆಗೂ ಹತ್ತಿರ, ದಿನಸಿಗೂ ಅನುಕೂಲ. ಆ ದಾರಿಯಲ್ಲಿ ನಿಲ್ದಾಣದ ಗೋಡೆಯ ಒಂದು ಗಡಿಯಾರ ಸದಾ 10.25 ತೋರಿಸುತ್ತದೆ. ಅದು ಕೆಟ್ಟಿಲ್ಲ. 1980ರ ಆಗಸ್ಟ್ 2ರ ಬಾಂಬ್ ಸ್ಫೋಟದಲ್ಲಿ ಸತ್ತ 85 ಜನರ ನೆನಪಿಗೆ ಹಾಗೇ ಬಿಟ್ಟಿದ್ದಾರೆ.

ಪದವಿ ಮುಗಿದ ದಿನ ತಲೆಗೆ ಲಾರೆಲ್ ಎಲೆಯ ಹಾರ ಹಾಕುತ್ತಾರೆ, ಅದನ್ನು ಹಾಕಿಕೊಂಡೇ ಬೀದಿಯಲ್ಲಿ ನಡೆಯುತ್ತಾರೆ. ಅಸಿನೆಲ್ಲಿ ಗೋಪುರದ 498 ಮೆಟ್ಟಿಲನ್ನು ಪದವಿಗೆ ಮೊದಲು ಹತ್ತಿದವರಿಗೆ ಪದವಿಯೇ ಸಿಗದು ಎಂದು ಇಲ್ಲಿನ ವಿದ್ಯಾರ್ಥಿಗಳ ನಂಬಿಕೆ. 97 ಮೀಟರ್ ಎತ್ತರದ ಆ ಗೋಪುರ 2023ರಲ್ಲಿ ಮುಚ್ಚಿತು; ಪಕ್ಕದ ವಾಲಿದ ಗರಿಸೆಂದಾ ಗೋಪುರವನ್ನು ಗಟ್ಟಿ ಮಾಡುವ ಕೆಲಸ ವರ್ಷಗಟ್ಟಲೆಯದು. ಹತ್ತಲಾಗದ ಕಾರಣ 30ನೇ ನಂಬರಿನ ಬಸ್ಸಿನಲ್ಲಿ ಸಾನ್ ಮಿಕೇಲೆ ಇನ್ ಬೋಸ್ಕೊ ಬೆಟ್ಟಕ್ಕೆ ಹೋಗಿ. ಚರ್ಚಿನ ಮುಂದಿನ ಬಯಲಿನಿಂದ ಇಡೀ ಕೆಂಪು ಊರು ಕಾಣುತ್ತದೆ. ಪಕ್ಕದ ಹಳೆಯ ಮಠದಲ್ಲಿ ಈಗ ಮೂಳೆ ಚಿಕಿತ್ಸೆಯ ರಿತ್ಸೋಲಿ ಆಸ್ಪತ್ರೆ ಇದೆ. ಅದರ 162 ಮೀಟರ್ ಉದ್ದದ ಓಣಿಯ ಕೊನೆಯ ಕಿಟಕಿಯಲ್ಲಿ ಅಸಿನೆಲ್ಲಿ ಗೋಪುರ ನೇರವಾಗಿ ನಿಂತಿರುತ್ತದೆ. ಕಿಟಕಿಯಿಂದ ಹಿಂದೆ ಹಿಂದೆ ಹೆಜ್ಜೆ ಇಟ್ಟ ಹಾಗೆ ಕಿಟಕಿ ಚಿಕ್ಕದಾಗುತ್ತ, ಗೋಪುರ ಅದರೊಳಗೆ ದೊಡ್ಡದಾಗುತ್ತ ಹೋಗುವಂತೆ ಕಾಣುತ್ತದೆ. ಕೆಲಸದ ದಿನ ಹಗಲಲ್ಲಿ ಹೋಗಿ, ದನಿ ತಗ್ಗಿಸಿ, ಊರುಗೋಲು ಹಿಡಿದು ನಡೆಯುವವರಿಗೆ ಮೊದಲು ದಾರಿ ಬಿಡಿ.